ಕಲ್ಲಿನ ಜೊತೆಗೆ ಹೊಲವನ್ನೂ ಕೊಟ್ಟ ಸೀಮೆಯವರಿಗೆ

ಶಿಕಾರಿಪುರ ಮತ್ತು ಸೊರಬ ತಾಲ್ಲೂಕುಗಳ ಗ್ರಾಮ ಪಂಚಾಯಿತಿ ಸದಸ್ಯರೇ,

ಕಾದಂಬರಿಕಾರ ನಾ. ಡಿಸೋಜ 2025ರ ಜನವರಿ 5ರಂದು ಮಂಗಳೂರಿನಲ್ಲಿ ತೀರಿಕೊಂಡರು. ದೇಹವನ್ನು ಸಾಗರಕ್ಕೆ ತಂದರು. 1937ರಲ್ಲಿ ಹುಟ್ಟಿದ ಊರಿನಲ್ಲೇ ಸರ್ಕಾರಿ ಗೌರವದೊಂದಿಗೆ ಅವರನ್ನು ಮಣ್ಣು ಮಾಡಿದರು. ಸರ್ಕಾರಿ ಗೌರವವೆಂದರೆ ಏನೆಂಬುದು ನಿಮಗೆ ಗೊತ್ತಿದೆ. ಮುಖ್ಯಮಂತ್ರಿಗಳ ಕಚೇರಿಯಿಂದ ಆದೇಶ ಬರುತ್ತದೆ, ಜಿಲ್ಲಾಡಳಿತ ವ್ಯವಸ್ಥೆ ಮಾಡುತ್ತದೆ. ದೇಹಕ್ಕೆ ರಾಷ್ಟ್ರಧ್ವಜ ಹೊದಿಸುತ್ತಾರೆ, ಸಶಸ್ತ್ರ ಪೊಲೀಸರು ಗಾಳಿಯಲ್ಲಿ ಗುಂಡು ಹಾರಿಸುತ್ತಾರೆ, ಆಮೇಲೆ ಧ್ವಜವನ್ನು ಮಡಿಸಿ ಮನೆಯವರ ಕೈಗೆ ಕೊಡುತ್ತಾರೆ. ಒಂದು ಗಂಟೆಯ ಕೆಲಸ. ಕನ್ನಡದಲ್ಲಿ ಬರೆದ ಒಬ್ಬ ಮನುಷ್ಯನಿಗೆ ರಾಜ್ಯ ತಲೆಬಾಗುವುದನ್ನು ಒಂದು ಊರು ಕಣ್ಣಾರೆ ನೋಡುವುದು ದೊಡ್ಡ ವಿಷಯ. ಅದು ಬೇಡವೆಂದು ನಾನು ಯಾವತ್ತೂ ಹೇಳುವುದಿಲ್ಲ.

ಆದರೆ ಆ ಒಂದು ಗಂಟೆಯ ನಂತರ ಏನು? ದೊಡ್ಡ ಲೇಖಕರು ಹೋದಾಗಲೆಲ್ಲ ‘ಸ್ಮಾರಕ ಆಗಬೇಕು’ ಎಂಬ ಮಾತು ಬರುತ್ತದೆ. ಸಮಾಧಿಗೆ ಜಾಗ ಎಲ್ಲಿ, ಯಾರ ಅನುದಾನ, ಯಾರ ಅಧ್ಯಕ್ಷತೆಯ ಸಮಿತಿ ಎಂಬುದು ಅದರ ಹಿಂದೆಯೇ ಬರುತ್ತದೆ. ಆ ಮಾತನ್ನು ಸಾಗರದವರು ಆಡಲಿ, ಅದು ಅವರ ಹಕ್ಕು. ನಾನು ನಿಮಗೆ ಬರೆಯುತ್ತಿರುವುದಕ್ಕೆ ಬೇರೆ ಕಾರಣವಿದೆ. ಡಿಸೋಜ ಯಾರ ಬದುಕನ್ನು ಕಾದಂಬರಿ ಮಾಡಿದರೋ ಆ ಜನರಲ್ಲಿ ಎಷ್ಟೋ ಮಂದಿ ಈಗ ನಿಮ್ಮ ಪಂಚಾಯಿತಿಗಳ ವ್ಯಾಪ್ತಿಯಲ್ಲಿದ್ದಾರೆ. ನಿಮಗೆ ಮತ ಹಾಕಿದವರಲ್ಲಿ ಅವರಿದ್ದಾರೆ. ನಿಮ್ಮಲ್ಲೇ ಕೆಲವರು ಅವರ ಮಕ್ಕಳು, ಮೊಮ್ಮಕ್ಕಳು.

ನಾನು ಸೊರಬ ತಾಲ್ಲೂಕಿನ ಪ್ರೌಢಶಾಲೆಯಲ್ಲಿ ಕನ್ನಡ ಕಲಿಸಿ ನಿವೃತ್ತನಾದವನು. ನನ್ನ ತರಗತಿಗಳಲ್ಲಿ ಊರಿನ ಮಕ್ಕಳು ಕೆಲವರನ್ನು ತೋರಿಸಿ ‘ಅವರು ಮುಳುಗಡೆಯವರು ಸಾರ್’ ಅನ್ನುತ್ತಿದ್ದರು. ಅದರಲ್ಲಿ ಬೈಗುಳ ಇರಲಿಲ್ಲ, ಗೌರವವೂ ಇರಲಿಲ್ಲ. ಕೇರಿಯ ಹೆಸರು ಹೇಳುವಷ್ಟು ಸಲೀಸಾಗಿ ಹೇಳುತ್ತಿದ್ದರು. ಹಾಗೆ ಕರೆಸಿಕೊಂಡ ಮಗು ಹುಟ್ಟಿದ್ದು ಇಲ್ಲೇ. ಅದರ ಅಪ್ಪ ಹುಟ್ಟಿದ್ದೂ ಕೆಲವೊಮ್ಮೆ ಇಲ್ಲೇ. ಮುಳುಗಿದ್ದು ಅಜ್ಜನ ಊರು. ಮೂರು ತಲೆಮಾರಾದರೂ ಆ ಹೆಸರು ಹೋಗಿಲ್ಲ.

ಲಿಂಗನಮಕ್ಕಿ ಅಣೆಕಟ್ಟು 1964ರಲ್ಲಿ ಮುಗಿಯಿತು. ಶರಾವತಿ ತುಂಬಿ ಹಿಂದಕ್ಕೆ ಹರಡಿಕೊಂಡಳು. ಮಡೆನೂರಿನಲ್ಲಿ 1948ಕ್ಕೆ ಕಟ್ಟಿ ಮುಗಿಸಿದ್ದ ಹಿರೇಭಾಸ್ಕರ ಅಣೆಕಟ್ಟೆಯೇ ಈ ನೀರಿನೊಳಗೆ ಹೋಯಿತೆಂದರೆ ಹಳ್ಳಿಗಳ ಪಾಡೇನು? ಸಾವಿರಾರು ಕುಟುಂಬಗಳನ್ನು ಲಾರಿಗಳಲ್ಲಿ ತುಂಬಿ ಜಿಲ್ಲೆಯ ಬೇರೆ ಬೇರೆ ತಾಲ್ಲೂಕುಗಳ ಕಾಡಂಚಿನಲ್ಲಿ ಇಳಿಸಿದರು. ಶಿಕಾರಿಪುರಕ್ಕೂ ಬಂದರು, ಸೊರಬಕ್ಕೂ ಬಂದರು. ಅಡಿಕೆ ತೋಟ, ಗದ್ದೆ, ದೈವದ ಬನ, ಸುಗ್ಗಿಯ ಕಣ ಎಲ್ಲ ಬಿಟ್ಟು ಬಂದವರು ಮತ್ತೆ ಮರ ಕಡಿದು, ಬೇರು ಕಿತ್ತು, ಜ್ವರಕ್ಕೆ ಸಿಕ್ಕಿ, ನೆಲವನ್ನು ಹೊಲ ಮಾಡಿಕೊಂಡರು. ರಾಜ್ಯಕ್ಕೆ ಕರೆಂಟು ಬಂತು.

ಆ ಹೊತ್ತಿನಲ್ಲಿ ಡಿಸೋಜ ಲೋಕೋಪಯೋಗಿ ಇಲಾಖೆಯ ನೌಕರ. ಶಾಲಾ ಮೇಷ್ಟ್ರ ಮಗ, ಹೊಟ್ಟೆಪಾಡಿಗೆ ಸೇರಿಕೊಂಡ ಕೆಲಸ, ಅದೂ ಶರಾವತಿ ಯೋಜನೆಯ ಕಡೆಯೇ. ಅಣೆಕಟ್ಟು ಕಟ್ಟುವವರ ಮಗ್ಗುಲಲ್ಲಿ ಕೂತು ಮುಳುಗುವವರನ್ನು ನೋಡಿದವರು ಅವರು. ಸಂಬಳ ಕೊಡುವ ಇಲಾಖೆ ಒಂದು ಕಡೆ, ಅಂಗಳ ಬಿಟ್ಟು ಹೊರಟ ಸಂಸಾರ ಇನ್ನೊಂದು ಕಡೆ. ಈ ಇಕ್ಕಟ್ಟಿನಿಂದ ‘ಮುಳುಗಡೆ’ ಬಂತು, ‘ದ್ವೀಪ’ ಬಂತು, ‘ಒಡ್ಡು’ ಬಂತು. ‘ದ್ವೀಪ’ದಲ್ಲಿ ಗಣಪಯ್ಯ, ನಾಗವೇಣಿ ಮಳೆಗಾಲದ ನೀರು ಸುತ್ತಲೂ ಏರುವಾಗ ತಮ್ಮ ಗುಡ್ಡದ ಮೇಲೆ ಉಳಿದುಬಿಡುತ್ತಾರೆ. ಪರಿಹಾರದ ಕಾಗದ ಒಂದು ವೇಗದಲ್ಲಿ ಬರುತ್ತದೆ, ನೀರು ಇನ್ನೊಂದು ವೇಗದಲ್ಲಿ. ಗಿರೀಶ ಕಾಸರವಳ್ಳಿ ಅದನ್ನು ಚಿತ್ರ ಮಾಡಿದರು, ಅದಕ್ಕೆ ದೇಶದ ಅತ್ಯುತ್ತಮ ಚಿತ್ರವೆಂಬ ಸ್ವರ್ಣಕಮಲ ಬಂತು. ಅದೇ ನೋವನ್ನು ಮಕ್ಕಳಿಗೆಂದು ಬರೆದ ‘ಮುಳುಗಡೆಯ ಊರಿಗೆ ಬಂದವರು’ ಕೃತಿಗೆ 2011ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಬಾಲ ಸಾಹಿತ್ಯ ಪುರಸ್ಕಾರ ಬಂತು. 2014ರಲ್ಲಿ ಮಡಿಕೇರಿಯ ಸಾಹಿತ್ಯ ಸಮ್ಮೇಳನದ ಅಧ್ಯಕ್ಷತೆಯೂ ಬಂತು. ಇಷ್ಟೆಲ್ಲ ಆದಮೇಲೂ, 2019ರಲ್ಲಿ ಶರಾವತಿ ನೀರನ್ನು ಬೆಂಗಳೂರಿಗೆ ಒಯ್ಯುತ್ತೇವೆಂದಾಗ, ಎಂಬತ್ತು ದಾಟಿದ ಆ ಮನುಷ್ಯ ಬೀದಿಗಿಳಿದು ಹೋರಾಟದ ಮುಂದೆ ನಿಂತರು. ಸೊರಬದವರಿಗೆ ಇದು ಅರ್ಥವಾಗುವ ವಿಷಯ. ದಂಡಾವತಿ ನದಿಗೆ ಅಣೆಕಟ್ಟು ಎಂದಾಗ ನಮ್ಮ ಹಳ್ಳಿಗಳು ಎದ್ದು ನಿಂತಿದ್ದವಲ್ಲ, ಆ ಭಯದ ಹೆಸರೇ ಮುಳುಗಡೆ.

ಹಾಗಾದರೆ ಈ ಲೇಖಕನ ಸ್ಮಾರಕ ಎಲ್ಲಿರಬೇಕು? ಇದನ್ನು ಯೋಚಿಸುವಾಗ ಬೇರೆಯವರಿಗೆ ಏನಾಯಿತೆಂದು ಸ್ವಲ್ಪ ನೋಡೋಣ.

ಕುವೆಂಪು 1994ರ ನವೆಂಬರ್ 11ರಂದು ಮೈಸೂರಿನಲ್ಲಿ ತೀರಿಕೊಂಡರು. ಅವರನ್ನು ಕುಪ್ಪಳಿಗೆ ತಂದು ಕವಿಶೈಲದಲ್ಲಿ ಅಂತ್ಯಕ್ರಿಯೆ ಮಾಡಿದ್ದು ಈ ನಾಡು ತೆಗೆದುಕೊಂಡ ಅತ್ಯಂತ ಸರಿಯಾದ ತೀರ್ಮಾನಗಳಲ್ಲಿ ಒಂದು. ಕಲಾವಿದ ಕೆ.ಟಿ. ಶಿವಪ್ರಸಾದ್ ಅಲ್ಲಿ ದೊಡ್ಡ ದೊಡ್ಡ ಕಲ್ಲುಗಳನ್ನು ಎತ್ತಿ ನಿಲ್ಲಿಸಿದರು. ಅವು ಎಷ್ಟು ಚೆನ್ನಾಗಿವೆ ಎನ್ನುವುದಕ್ಕಿಂತ, ಅವುಗಳ ನಡುವೆ ನಿಂತು ಕತ್ತೆತ್ತಿದರೆ ‘ಮಲೆಗಳಲ್ಲಿ ಮದುಮಗಳು’ ನಡೆದ ಕಾಡು ಕಣ್ಣಿಗೆ ಬೀಳುತ್ತದೆ ಎಂಬುದು ನನಗೆ ಮುಖ್ಯ. ಶಾಲಾ ಪ್ರವಾಸಕ್ಕೆ ಮಕ್ಕಳನ್ನು ಕರೆದುಕೊಂಡು ಹೋದಾಗ ನಾನು ಅಲ್ಲಿ ಪಾಠ ಮಾಡಬೇಕಾಗಿಯೇ ಬರುತ್ತಿರಲಿಲ್ಲ. ಕಾದಂಬರಿಯೂ ಸಮಾಧಿಯೂ ಒಂದೇ ಗುಡ್ಡದಲ್ಲಿವೆ.

ಯು.ಆರ್. ಅನಂತಮೂರ್ತಿಯವರ ವಿಷಯ ಹಾಗಾಗಲಿಲ್ಲ. ಹುಟ್ಟಿದ್ದು ತೀರ್ಥಹಳ್ಳಿ ತಾಲ್ಲೂಕಿನ ಮೇಳಿಗೆ, ಬರೆದದ್ದು ಬಹುಪಾಲು ಆ ಕಡೆಯ ಅಗ್ರಹಾರ, ಆ ಕಡೆಯ ಪೇಟೆ, ಆ ಕಡೆಯ ಸಮಾಜವಾದಿಗಳ ಕತೆ. 2014ರ ಆಗಸ್ಟ್ 22ರಂದು ಬೆಂಗಳೂರಿನಲ್ಲಿ ತೀರಿಕೊಂಡರು. ಸಕಲ ಸರ್ಕಾರಿ ಗೌರವದೊಂದಿಗೆ ಮಲ್ಲತ್ತಹಳ್ಳಿಯ ಕಲಾಗ್ರಾಮದಲ್ಲಿ ಅಂತ್ಯಕ್ರಿಯೆಯಾಯಿತು. ಅದಕ್ಕೆ ಎಂಟು ತಿಂಗಳ ಮುಂಚೆ, 2013ರ ಡಿಸೆಂಬರಿನಲ್ಲಿ, ಅದೇ ಕಲಾಗ್ರಾಮದಲ್ಲಿ ನಮ್ಮ ಜಿ.ಎಸ್. ಶಿವರುದ್ರಪ್ಪನವರ ಅಂತ್ಯಕ್ರಿಯೆಯೂ ಆಗಿತ್ತು. ‘ನಮ್ಮ’ ಎಂದು ಬೇಕೆಂದೇ ಬರೆದಿದ್ದೇನೆ. ಅವರು 1926ರಲ್ಲಿ ಹುಟ್ಟಿದ್ದು ಶಿಕಾರಿಪುರ ತಾಲ್ಲೂಕಿನ ಈಸೂರಿನಲ್ಲಿ. 1942ರಲ್ಲಿ ತಾನು ಸ್ವತಂತ್ರವೆಂದು ಸಾರಿಕೊಂಡ ಊರು, 1943ರ ಮಾರ್ಚಿನಲ್ಲಿ ಐವರು ಮಕ್ಕಳನ್ನು ನೇಣಿಗೆ ಕೊಟ್ಟ ಊರು ಅದು. ಗೋವಿಂದ ಪೈ, ಕುವೆಂಪು ಅವರ ನಂತರ ಮೂರನೆಯ ರಾಷ್ಟ್ರಕವಿಯನ್ನು ಕೊಟ್ಟದ್ದೂ ಅದೇ ಊರು. ಆ ಕವಿಯನ್ನು ಸುಟ್ಟ ಜಾಗ ನೋಡಲು ಈಸೂರಿನ ಹುಡುಗ ಮುನ್ನೂರು ಕಿಲೋಮೀಟರಿಗೂ ದೂರ ಹೋಗಬೇಕು. ಬೆಂಗಳೂರಿನಲ್ಲಿ ಬಾಳಿದವರ ಅಂತ್ಯಕ್ರಿಯೆ ಬೆಂಗಳೂರಿನಲ್ಲಿ ಆದರೆ ತಪ್ಪೇನಿಲ್ಲ, ಆಯ್ಕೆ ಮನೆಯವರದ್ದು. ನನ್ನ ಸಂಕಟ ಇಷ್ಟೇ: ಹೀಗೆ ಆದಾಗಲೆಲ್ಲ ಹುಟ್ಟಿದ ಸೀಮೆ ತನ್ನ ಕರ್ತವ್ಯ ಮುಗಿಯಿತೆಂದುಕೊಳ್ಳುತ್ತದೆ.

ಕಾದಂಬರಿಕಾರ ಎಸ್.ಎಲ್. ಭೈರಪ್ಪನವರು ತೀರಿಕೊಂಡಾಗಲೂ, 2025ರ ಸೆಪ್ಟೆಂಬರಿನಲ್ಲಿ, ಮೈಸೂರಿನಲ್ಲಿ ಸರ್ಕಾರಿ ಗೌರವ ಸಂದಿತು, ಅಲ್ಲೇ ಸ್ಮಾರಕವಾಗುತ್ತದೆ ಎಂದು ಸರ್ಕಾರ ಹೇಳಿತು. ಆಗಲಿ. ಆದರೆ ಅವರು ಬದುಕಿದ್ದಾಗಲೇ ತಮ್ಮ ಹುಟ್ಟೂರು ಸಂತೇಶಿವರದ ಕಡೆಗೆ ಕೆರೆ ತುಂಬಿಸುವ ಯೋಜನೆ ತರಿಸಿಕೊಂಡಿದ್ದರು. ಅಲ್ಲಿನ ರೈತ ಆ ಹೆಸರನ್ನು ಮರೆಯಲು ಕೆರೆ ಬತ್ತಬೇಕು.

ಹೊರದೇಶದ ಎರಡು ಸಾವುಗಳನ್ನು ಮಾತ್ರ ಹೇಳಿ ನಮ್ಮ ಸೀಮೆಗೆ ಬರುತ್ತೇನೆ. ವಿಕ್ಟರ್ ಹ್ಯೂಗೋ ತನ್ನನ್ನು ಬಡವರ ಹೆಣದ ಗಾಡಿಯಲ್ಲೇ ಒಯ್ಯಬೇಕೆಂದು ಬರೆದಿಟ್ಟಿದ್ದ. 1885ರ ಜೂನ್ 1ರಂದು ಪ್ಯಾರಿಸ್ ನಗರ ಅವನು ಹೇಳಿದ ಗಾಡಿಯಲ್ಲೇ ಅವನನ್ನು ಇಟ್ಟು, ಲಕ್ಷಾಂತರ ಜನ ಸೇರಿ, ರಾಷ್ಟ್ರದ ಮಹನೀಯರಿಗೆಂದು ಇರುವ ಪ್ಯಾಂಥಿಯಾನಿಗೆ ಒಯ್ದಿತು. ಟಾಲ್‌ಸ್ಟಾಯ್‌ಗೆ ಯಾಸ್ನಾಯಾ ಪೊಲ್ಯಾನಾದ ಮರಗಳ ನಡುವೆ ಒಂದು ಮಣ್ಣಿನ ದಿಬ್ಬವಿದೆ. ಶಿಲುಬೆಯಿಲ್ಲ, ಹೆಸರಿನ ಫಲಕವೂ ಇಲ್ಲ. ಎರಡೂ ಕಡೆ ಇವತ್ತಿಗೂ ಜನ ಹೋಗುತ್ತಾರೆ. ಕಟ್ಟಡ ಎಷ್ಟು ದೊಡ್ಡದೆಂಬುದು ಇದರಲ್ಲಿ ಲೆಕ್ಕಕ್ಕೇ ಬರುವುದಿಲ್ಲ. ಆ ಎರಡು ಭಾಷೆಗಳಲ್ಲಿ ಅವರ ಪುಸ್ತಕಗಳನ್ನು ಓದುವವರು ಇದ್ದಾರೆ, ಅದಕ್ಕೇ ಹೋಗುತ್ತಾರೆ.

ಈಗ ನಮ್ಮ ಸೀಮೆ. ಸತ್ತವರನ್ನು ಹೇಗೆ ನೆನೆಯಬೇಕೆಂದು ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಶಾಸನತಜ್ಞ ಬಿ.ಎಲ್. ರೈಸ್ ಅವರು 1902ರಲ್ಲಿ ಶಿಕಾರಿಪುರದ ಶಾಸನಗಳನ್ನೂ 1904ರಲ್ಲಿ ಸೊರಬದ ಶಾಸನಗಳನ್ನೂ ಅಚ್ಚು ಹಾಕಿಸಿದರು. ಸೊರಬ ಒಂದೇ ತಾಲ್ಲೂಕಿನ ಶಾಸನಗಳ ಸಂಖ್ಯೆ ಅದರಲ್ಲಿ ಐನೂರು ದಾಟುತ್ತದೆ, ಅವುಗಳಲ್ಲಿ ಎಷ್ಟೋ ವೀರಗಲ್ಲುಗಳು. ನೀವು ದಿನಾ ಓಡಾಡುವ ಕೆರೆ ಏರಿಯ ಮೇಲೆ, ಬಸವಣ್ಣನ ಗುಡಿಯ ಹಿಂದೆ, ಕೆಲವೊಮ್ಮೆ ಬಟ್ಟೆ ಒಗೆಯುವ ಕಲ್ಲಾಗಿಯೂ ಅವು ಇವೆ. ಕೆಳಗಿನ ಪಟ್ಟಿಕೆಯಲ್ಲಿ ಕಾದಾಟ, ನಡುವೆ ಅಪ್ಸರೆಯರು ವೀರನನ್ನು ಎತ್ತಿಕೊಂಡು ಹೋಗುವುದು, ಮೇಲೆ ಅವನು ಲಿಂಗದ ಮುಂದೆ ಕೂತಿರುವುದು. ಸತ್ತವನು ಬಹುಮಟ್ಟಿಗೆ ಅರಸನಲ್ಲ. ತುರುಗೋಳಿನಲ್ಲಿ ಊರಿನ ದನ ಬಿಡಿಸಲು ಹೋಗಿ ಸತ್ತವನು, ಊರಿಗೆ ಬೆಂಕಿ ಬಿದ್ದಾಗ ಎದುರು ನಿಂತು ಸತ್ತವನು.

ಆ ಕಲ್ಲುಗಳ ಮೇಲಿನ ಬರಹವನ್ನು ಪೂರ್ತಿ ಓದಿಸಿ ಕೇಳಿದರೆ ಇನ್ನೊಂದು ವಿಷಯ ತಿಳಿಯುತ್ತದೆ. ಊರವರು ಕಲ್ಲು ನಿಲ್ಲಿಸಿ ಕೈತೊಳೆದುಕೊಳ್ಳುತ್ತಿರಲಿಲ್ಲ. ಎಷ್ಟೋ ಸಲ ಸತ್ತವನ ಮನೆಗೆ ಭೂಮಿ ಬಿಡುತ್ತಿದ್ದರು, ಅದಕ್ಕೆ ನೆತ್ತರುಗೊಡಗೆ ಎಂದು ಹೆಸರು. ಕಲ್ಲು ಸತ್ತವನಿಗೆ, ಹೊಲ ಉಳಿದವರಿಗೆ. ಎರಡೂ ಜೊತೆಜೊತೆಗೆ ಆಗುತ್ತಿದ್ದವು. ಸಾವಿಗೆ ಸಂದ ಗೌರವವೆಂದರೆ ಬದುಕಿದವರ ಕೈಗೆ ಏನಾದರೂ ಸಿಗಬೇಕು ಎಂಬ ನಿಯಮವನ್ನು ಈ ಸೀಮೆ ಸಾವಿರ ವರ್ಷದ ಹಿಂದೆಯೇ ಪಾಲಿಸಿತ್ತು.

ಶಿಕಾರಿಪುರ ತಾಲ್ಲೂಕಿನ ಬಂದಳಿಕೆಯ ಒಂದು ಶಾಸನವನ್ನು ನಾನು ಮಕ್ಕಳಿಗೆ ತಪ್ಪದೆ ಹೇಳುತ್ತಿದ್ದೆ. ಹತ್ತನೆಯ ಶತಮಾನದ ಮೊದಲಲ್ಲಿ, ರಾಷ್ಟ್ರಕೂಟರ ಕಾಲದಲ್ಲಿ, ನಾಗರಖಂಡ ಎಪ್ಪತ್ತರ ನಾಳ್ಗಾವುಂಡ, ಅಂದರೆ ನಾಡಿನ ಮುಖ್ಯಸ್ಥ, ನಾಗಾರ್ಜುನ ತೀರಿಕೊಂಡ. ಅವನ ಹೆಂಡತಿ ಜಕ್ಕಿಯಬ್ಬೆಗೆ ಅದೇ ಅಧಿಕಾರ ಕೊಟ್ಟರು. ಅವಳು ಎಪ್ಪತ್ತು ಹಳ್ಳಿಗಳನ್ನು ಆಳಿ, ಕಾಯಿಲೆ ಬಿದ್ದಾಗ ಅಧಿಕಾರವನ್ನು ಮಗಳಿಗೆ ಒಪ್ಪಿಸಿ, ಬಂದಳಿಕೆಯ ಬಸದಿಯಲ್ಲಿ ಉಪವಾಸವಿದ್ದು ಸಲ್ಲೇಖನ ಮಾಡಿದಳು. ಪಂಚಾಯಿತಿಯಲ್ಲಿ ಕೂತಿರುವ ಅಕ್ಕಂದಿರೇ, ನಿಮ್ಮ ಕುರ್ಚಿಗೆ ಇಷ್ಟು ಹಳೆಯ ಪೂರ್ವಿಕಳಿದ್ದಾಳೆ.

ಬಳ್ಳಿಗಾವಿಯ ಕೋಡಿಮಠದ 1162ರ ಶಾಸನವೂ ಅಷ್ಟೇ. ಆ ಮಠದಲ್ಲಿ ಏನೇನು ನಡೆಯುತ್ತಿತ್ತು ಎಂದು ಅದು ಉದ್ದಕ್ಕೆ ಹೇಳುತ್ತದೆ: ವೇದ, ಹಲವು ವ್ಯಾಕರಣಗಳು, ದರ್ಶನಗಳು, ಕಾವ್ಯ, ನಾಟಕ ಕಲಿಸುವುದು. ಅದರ ಜೊತೆಗೇ ಬಡವರಿಗೆ, ಕುರುಡರಿಗೆ, ಕುಂಟರಿಗೆ ಅನ್ನ, ರೋಗಿಗಳಿಗೆ ಮದ್ದು, ಹೆದರಿ ಬಂದವರಿಗೆ ಆಸರೆ. ವಚನಕಾರ ಅಲ್ಲಮಪ್ರಭು ಹುಟ್ಟಿದ ಊರು ಅದು. ಅಕ್ಕಮಹಾದೇವಿ ಹುಟ್ಟಿದ ಉಡುತಡಿ ಅಲ್ಲಿಂದ ದೂರವಿಲ್ಲ. ಉಡುತಡಿಯಲ್ಲಿ ಈಗ ಅಕ್ಕನ ದೊಡ್ಡ ಪ್ರತಿಮೆ ನಿಂತಿದೆ, ನೋಡಲು ಬಸ್ಸುಗಳು ಬರುತ್ತವೆ, ಸಂತೋಷ. ಅಕ್ಕನ ವಚನಗಳನ್ನು ತಿಂಗಳಿಗೊಮ್ಮೆ ಕೂತು ಓದುವ ಹತ್ತು ಹೆಣ್ಣುಮಕ್ಕಳು ಆ ಪ್ರತಿಮೆಯ ನೆರಳಲ್ಲಿ ಸೇರಿದರೆ ಇನ್ನೂ ಸಂತೋಷ.

ತಾಳಗುಂದದ ಕಂಬವನ್ನೂ ಮರೆಯುವಂತಿಲ್ಲ. ಕದಂಬರ ಕತೆಯನ್ನು ಆ ಕಂಬಕ್ಕೆ ಬರೆದ ಕವಿ ಕುಬ್ಜ. ಅವನ ಸಮಾಧಿ ಎಲ್ಲಿದೆಯೋ ಯಾರೂ ಹುಡುಕುವುದಿಲ್ಲ. ಅವನು ಹೊಗಳಿದ ಅರಸರ ಅರಮನೆಗಳೂ ಇಲ್ಲ. ಬರೆದ ಮಾತು ಪ್ರಣವೇಶ್ವರ ಗುಡಿಯ ಮುಂದೆ ನಿಂತೇ ಇದೆ.

ಇದನ್ನೆಲ್ಲ ಹೇಳಿದ್ದು ಡಿಸೋಜರ ಮಾತಿಗೆ ವಾಪಸು ಬರಲಿಕ್ಕೆ. ಅವರ ಪಾತ್ರಗಳಿಗೆ ಸಿಕ್ಕಿದ್ದೇನು? ದನ ಬಿಡಿಸಲು ಹೋಗಿ ಸತ್ತವನ ಮನೆಗೆ ನೆತ್ತರುಗೊಡಗೆ ಕೊಟ್ಟ ಈ ಸೀಮೆ, ನಾಡಿಗೆ ಬೆಳಕು ಕೊಡಲು ಊರನ್ನೇ ಬಿಟ್ಟು ಬಂದವರಿಗೆ ಅರವತ್ತು ವರ್ಷವಾದರೂ ಹಕ್ಕುಪತ್ರ ಕೊಟ್ಟು ಮುಗಿಸಿಲ್ಲ. ಕಾರಣ ನಿಮಗೆ ಗೊತ್ತು, ಆದರೂ ಬರೆಯುತ್ತೇನೆ, ಹೊಸ ಸದಸ್ಯರು ಇದ್ದಾರೆ. ಸಂತ್ರಸ್ತರನ್ನು ಇಳಿಸಿದ್ದು ದಾಖಲೆಯಲ್ಲಿ ಅರಣ್ಯವೆಂದಿರುವ ಜಾಗದಲ್ಲಿ. 1980ರಲ್ಲಿ ಅರಣ್ಯ ಸಂರಕ್ಷಣಾ ಕಾಯ್ದೆ ಬಂದಮೇಲೆ ಅಂಥ ಜಾಗವನ್ನು ಬಿಡಿಸಿಕೊಡಲು ಕೇಂದ್ರದ ಒಪ್ಪಿಗೆ ಬೇಕು. ಆ ಒಪ್ಪಿಗೆಯಿಲ್ಲದೆ ರಾಜ್ಯ ಹೊರಡಿಸಿದ ಡಿನೋಟಿಫಿಕೇಶನ್ ಆದೇಶಗಳು ನ್ಯಾಯಾಲಯದಲ್ಲಿ ನಿಲ್ಲಲಿಲ್ಲ. 2006ರ ಅರಣ್ಯ ಹಕ್ಕು ಕಾಯ್ದೆಯಾದರೂ ಕೈ ಹಿಡಿಯಬಹುದೆಂದರೆ, ಬುಡಕಟ್ಟಿನವರಲ್ಲದವರು 2005ರ ಡಿಸೆಂಬರಿಗೆ ಮುಂಚೆ ಮೂರು ತಲೆಮಾರು, ಅಂದರೆ 75 ವರ್ಷ, ಆ ಕಾಡಿನಲ್ಲಿ ವಾಸವಿದ್ದದ್ದನ್ನು ತೋರಿಸಬೇಕು. ಇವರನ್ನು ಸರ್ಕಾರವೇ ಅಲ್ಲಿಗೆ ತಂದದ್ದು 1960ರ ಆಸುಪಾಸಿನಲ್ಲಿ. 75 ವರ್ಷ ಎಲ್ಲಿಂದ ತರುವುದು? ಹಿಂದಿನ 75 ವರ್ಷ ಇವರು ಇದ್ದ ನೆಲ ನೀರಿನಡಿಯಿದೆ. ಕಾನೂನು ಕೇಳುವ ಸಾಕ್ಷಿಯನ್ನು ಅಣೆಕಟ್ಟೆಯೇ ನುಂಗಿಕೊಂಡಿದೆ.

ಈ ಪರಿಸ್ಥಿತಿಯಲ್ಲಿ ಕಾದಂಬರಿಕಾರನಿಗೆ ಮಾತ್ರ ಅಮೃತಶಿಲೆಯ ಸಮಾಧಿ ಕಟ್ಟಿ ಅವನ ಜನರನ್ನು ಕಾಡಿನ ಒತ್ತುವರಿದಾರರೆಂದು ಕರೆಯುತ್ತಾ ಹೋದರೆ ಆ ಗೌರವಕ್ಕೆ ಏನರ್ಥ? ನನಗೆ ಇದು ರಾಜಕೀಯದ ಪ್ರಶ್ನೆ ಅನಿಸುವುದಿಲ್ಲ. ಕಾದಂಬರಿಯನ್ನು ಸರಿಯಾಗಿ ಓದಿದವರೆಲ್ಲ ಕೇಳಲೇಬೇಕಾದ ಪ್ರಶ್ನೆ. ನಮ್ಮ ಎರಡೂ ತಾಲ್ಲೂಕುಗಳು ಮುಖ್ಯಮಂತ್ರಿಗಳನ್ನು ಕೊಟ್ಟಿವೆ, ಸೊರಬದಿಂದ ಬಂಗಾರಪ್ಪ, ಶಿಕಾರಿಪುರದಿಂದ ಯಡಿಯೂರಪ್ಪ. ಸರ್ಕಾರಿ ಗೌರವದ ಆದೇಶಕ್ಕೆ ಸಹಿ ಹಾಕುವ ಕುರ್ಚಿಯನ್ನು ನಾವು ಹತ್ತಿರದಿಂದ ಕಂಡವರು. ಅದೇ ಕುರ್ಚಿಯಿಂದ ಹಕ್ಕುಪತ್ರದ ಕೆಲಸವೂ ದೆಹಲಿಯವರೆಗೆ ಹೋಗಬೇಕು ಎಂದು ಕೇಳುವ ದನಿ ನಮಗಿದೆ.

ಹಾಗಾಗಿ ನಿಮ್ಮಲ್ಲಿ ನನ್ನ ಬೇಡಿಕೆ ದೊಡ್ಡದಲ್ಲ, ಸುಲಭದ್ದೂ ಅಲ್ಲ. ಮುಳುಗಡೆಯವರು ನೆಲೆಸಿರುವ ಪ್ರತಿ ಊರಿನಲ್ಲೂ ಒಂದು ಕಲ್ಲು ನಿಲ್ಲಿಸಿ. ಅದರ ಮೇಲೆ ಅವರು ಬಿಟ್ಟು ಬಂದ ಊರುಗಳ ಹೆಸರು ಕೆತ್ತಿಸಿ, ಅವರು ಇಲ್ಲಿಗೆ ಬಂದ ವರ್ಷ ಕೆತ್ತಿಸಿ, ಕೊನೆಯಲ್ಲಿ ಅವರ ಕತೆ ಬರೆದವರು ನಾ. ಡಿಸೋಜ ಎಂದು ಒಂದು ಸಾಲು ಹಾಕಿಸಿ. ಅವರ ಮುಖದ ಪ್ರತಿಮೆ ಬೇಕಿಲ್ಲ. ರಸ್ತೆ, ಸರ್ಕಲ್ಲುಗಳಲ್ಲಿ ಪ್ರತಿಮೆ ನಿಲ್ಲಿಸಕೂಡದೆಂದು ಸುಪ್ರೀಂ ಕೋರ್ಟ್ 2013ರಲ್ಲೇ ಹೇಳಿದೆ, ಆ ತಕರಾರಿಗೂ ಹೋಗಬೇಡಿ. ಶಾಲೆಯ ಅಂಗಳ ಸಾಕು, ಪಂಚಾಯಿತಿ ಕಟ್ಟೆ ಸಾಕು. ಕೆತ್ತುವವರಿಗೂ ಇಲ್ಲಿ ಬರವಿಲ್ಲ, ಸೊರಬದ ಗುಡಿಗಾರರ ಕೈಗೆ ಗಂಧದ ಮರವಷ್ಟೇ ಅಲ್ಲ, ಅಕ್ಷರವೂ ಒಗ್ಗುತ್ತದೆ. ಖರ್ಚು ಒಂದು ಕೊಳವೆಬಾವಿಯ ಖರ್ಚಿನಷ್ಟೂ ಆಗಲಾರದು.

ಆ ಕಲ್ಲಿನ ಜೊತೆಗೆ ಹೊಲ ಬೇಕಲ್ಲ. ನಿಮ್ಮ ಪಂಚಾಯಿತಿಯ ಗ್ರಂಥಾಲಯವಾದ ಅರಿವು ಕೇಂದ್ರವೇ ಆ ಹೊಲ. ಊರಿನ ಜನ ಮನೆಕಂದಾಯದ ಜೊತೆ ಶೇಕಡಾ 6ರಷ್ಟು ಗ್ರಂಥಾಲಯ ಕರ ಕಟ್ಟುತ್ತಾರೆ. ಅದು ಎಲ್ಲಿಗೆ ಹೋಗುತ್ತಿದೆ, ಅದರಿಂದ ಯಾವ ಪುಸ್ತಕ ಬಂತು ಎಂದು ನಿಮ್ಮ ಮುಂದಿನ ಸಭೆಯಲ್ಲಿ ಕೇಳಿ. ಸ್ಪರ್ಧಾತ್ಮಕ ಪರೀಕ್ಷೆಯ ಪುಸ್ತಕಗಳು ಇರಲಿ, ಮಕ್ಕಳಿಗೆ ಕೆಲಸ ಬೇಕು. ಅವುಗಳ ಪಕ್ಕದಲ್ಲಿ ‘ಮುಳುಗಡೆ’, ‘ದ್ವೀಪ’, ‘ಮುಳುಗಡೆಯ ಊರಿಗೆ ಬಂದವರು’ ಇರಲಿ, ಒಂದೊಂದು ಪ್ರತಿಯಲ್ಲ, ಒಂದು ತರಗತಿ ಒಟ್ಟಿಗೆ ಕೂತು ಓದುವಷ್ಟು ಪ್ರತಿಗಳು ಇರಲಿ. ಈಸೂರಿನ ಪಂಚಾಯಿತಿಯವರು ಜಿಎಸ್‌ಎಸ್ ಅವರ ಪುಸ್ತಕಗಳನ್ನೂ ಹೀಗೇ ಇಡಲಿ. ವರ್ಷಕ್ಕೆ ಇಷ್ಟು ಹಣ ಈ ಪುಸ್ತಕಗಳಿಗೆ, ಇಷ್ಟು ಹಣ ಓದಿಸುವವರ ಗೌರವಧನಕ್ಕೆ ಎಂದು ಆಯವ್ಯಯದಲ್ಲಿ ಬರೆದಿಡಿ. ಜೂನ್ 6 ಡಿಸೋಜರ ಹುಟ್ಟಿದ ದಿನ. ಶಾಲೆಗಳು ಆಗ ತಾನೇ ತೆರೆದಿರುತ್ತವೆ, ಮಳೆ ಹಿಡಿಯುವ ಹೊತ್ತು. ಅವತ್ತು ಓದಿಸಲು ಶುರು ಮಾಡಿದರೆ, ಕಾದಂಬರಿಯಲ್ಲಿ ಸುರಿಯುವ ಮಳೆ ಕಿಟಕಿಯಾಚೆಗೂ ಸುರಿಯುತ್ತಿರುತ್ತದೆ.

ಒಬ್ಬ ಸದಸ್ಯರು ಕೇಳಬಹುದು: ಕ್ರೈಸ್ತ ಲೇಖಕ, ಸಾಗರದವರು, ನಮ್ಮ ತಾಲ್ಲೂಕಿಗೆ ಅವರು ಏನು? ಅವರು ಬರೆದವರಲ್ಲಿ ಹವ್ಯಕರಿದ್ದಾರೆ, ದೀವರಿದ್ದಾರೆ, ಕೂಲಿಗಳಿದ್ದಾರೆ. ಮುಳುಗುವವನ ಜಾತಿ ಕೇಳಿ ಅವರು ಬರೆಯಲಿಲ್ಲ. ಅಲ್ಲಮನನ್ನು ಕಲ್ಯಾಣದವರು ತಮ್ಮವನೆಂದರು, ಅಕ್ಕನನ್ನು ಶ್ರೀಶೈಲದವರು ತಮ್ಮವಳೆಂದರು. ಬಳ್ಳಿಗಾವಿ, ಉಡುತಡಿಯ ನೆಲ ಬೇರೆಯವರ ಮಕ್ಕಳನ್ನೂ ಹಾಗೇ ತನ್ನವರೆಂದುಕೊಳ್ಳಬಲ್ಲದು.

ಇನ್ನೊಂದು ವಿಷಯ ನನ್ನನ್ನು ಬಿಟ್ಟೂಬಿಡದೆ ಕಾಡುತ್ತದೆ. ಶರಾವತಿ ಹಿನ್ನೀರಿನ ಆಚೆಯ ದ್ವೀಪದ ಹಳ್ಳಿಗಳು ಅರವತ್ತು ವರ್ಷ ಲಾಂಚನ್ನೇ ನಂಬಿ ಬದುಕಿದವು. ಬಸುರಿಯರು, ಪರೀಕ್ಷೆಗೆ ಹೊರಟ ಮಕ್ಕಳು, ಹೆಣಗಳು ಕೂಡ ಲಾಂಚಿನ ವೇಳೆಗೆ ಕಾದವು. ಸಿಗಂದೂರಿನ ದಾರಿಯಲ್ಲಿ ಅಂಬಾರಗೋಡ್ಲು ಮತ್ತು ಕಳಸವಳ್ಳಿಯ ನಡುವೆ ಎರಡು ಕಿಲೋಮೀಟರಿಗೂ ಉದ್ದದ ಸೇತುವೆ ಕೊನೆಗೂ ಉದ್ಘಾಟನೆಯಾದದ್ದು 2025ರ ಜುಲೈ 14ರಂದು. ‘ದ್ವೀಪ’ ಬರೆದವರು ಅದಕ್ಕೆ ಆರು ತಿಂಗಳ ಹಿಂದೆ ತೀರಿಕೊಂಡಿದ್ದರು. ಸೇತುವೆಗೆ ಅರವತ್ತು ವರ್ಷ ಹಿಡಿಯಿತು. ಹಕ್ಕುಪತ್ರಕ್ಕೂ ಅಷ್ಟು ಕಾಲ ಆಗಲೇ ಆಗಿದೆ, ಲಾರಿಯಿಂದ ಇಳಿದ ದಿನವನ್ನು ತಾವೇ ಕಂಡು ಹೇಳಬಲ್ಲ ಮುದುಕರು ಬೇಗ ಬೇಗ ಕಡಿಮೆಯಾಗುತ್ತಿದ್ದಾರೆ.

ಆದ್ದರಿಂದ ಕಲ್ಲಿಗೆ ಹೆಸರು ಬರೆಸುವ ಕೆಲಸವನ್ನೇ ಹಕ್ಕುಪತ್ರದ ಕೆಲಸವನ್ನಾಗಿಯೂ ಮಾಡಿ. ಮುಂದಿನ ಗ್ರಾಮಸಭೆಗೆ ಅವರನ್ನು ಕರೆಸಿ. ಯಾವ ಊರಿಂದ ಬಂದಿರಿ, ಯಾರ ಜೊತೆ ಬಂದಿರಿ, ಎಲ್ಲಿ ಇಳಿಸಿದರು, ಮೊದಲ ಮಳೆಗಾಲ ಹೇಗೆ ಕಳೆದಿರಿ ಎಂದು ಕೇಳಿ, ಕಾರ್ಯದರ್ಶಿಯಿಂದ ಬರೆಸಿಕೊಳ್ಳಿ. ಹೆಂಗಸರನ್ನು ಬಿಡಬೇಡಿ, ಗಂಡಸರು ಸರ್ವೆ ನಂಬರು ಹೇಳಿದರೆ ಅವರು ಅಡುಗೆಮನೆ ಯಾವ ದಿಕ್ಕಿಗಿತ್ತೆಂದು ಹೇಳುತ್ತಾರೆ, ಎರಡೂ ಬೇಕು. ಮನೆಯಲ್ಲಿ ಹಳೆಯ ಪಹಣಿ, ಕಂದಾಯದ ರಸೀದಿ, ಪರಿಹಾರದ ಚೀಟಿ ಇದ್ದರೆ ಅದರ ನಕಲು ಸೇರಿಸಿ. ಇದನ್ನು ನಡಾವಳಿಯಲ್ಲಿ ದಾಖಲಿಸಿ, ಈ ಕುಟುಂಬಗಳು ತಾವಾಗಿ ಕಾಡಿಗೆ ಬಂದವರಲ್ಲ, ಸರ್ಕಾರವೇ ತಂದು ಇಳಿಸಿದವರು ಎಂದು ನಿರ್ಣಯ ಮಾಡಿ, ಜಿಲ್ಲಾಧಿಕಾರಿಗೂ ರಾಜ್ಯ ಸರ್ಕಾರಕ್ಕೂ ಕೇಂದ್ರದ ಅರಣ್ಯ ಸಚಿವಾಲಯಕ್ಕೂ ಕಳಿಸಿ. ಗ್ರಾಮಸಭೆಯ ನಿರ್ಣಯ ಕಾಗದವೆಂದು ಯಾರಾದರೂ ತಳ್ಳಿಹಾಕಿದರೆ, ಎರಡೂ ತಾಲ್ಲೂಕುಗಳ ಅಷ್ಟೂ ಪಂಚಾಯಿತಿಗಳ ನಿರ್ಣಯ ಒಟ್ಟಿಗೆ ಹೋಗಲಿ.

ಬರೆಸಿಕೊಂಡ ಮಾತುಗಳ ಒಂದು ಪ್ರತಿ ಅರಿವು ಕೇಂದ್ರದಲ್ಲಿ ಕಾದಂಬರಿಗಳ ಪಕ್ಕಕ್ಕೆ ಇರಲಿ. ಬರೆದುಕೊಳ್ಳಲು ಕೈ ಸಾಲದಿದ್ದರೆ ನಿವೃತ್ತ ಮೇಷ್ಟ್ರುಗಳನ್ನು ಕರೆಯಿರಿ. ಸೊರಬದ ಕಡೆ ನಾನಿದ್ದೇನೆ, ಶಿಕಾರಿಪುರದ ಕಡೆ ಬರುವವರನ್ನು ಜೊತೆ ಮಾಡಿಕೊಂಡು ಬರುತ್ತೇನೆ. ಗ್ರಾಮಸಭೆಯ ದಿನಾಂಕ ತಿಳಿಸಿ.

ನಿಮ್ಮವ,
ಸೊರಬ ತಾಲ್ಲೂಕಿನ ಒಬ್ಬ ನಿವೃತ್ತ ಕನ್ನಡ ಮೇಷ್ಟ್ರು